ಒಂದೂವರೆ ನಿಮಿಷದ ಕವಿ: ಜಿಮ್ ಮಾರಿಸನ್

ದಿ ಡೋರ್ಸ್ ತಂಡದ ಯಾವ ಹಾಡು ಗೊತ್ತು ಅಂತ ರಾಕ್ ಕೇಳುವ ಗೆಳೆಯರನ್ನ ಕೇಳಿ ನೋಡಿ. ಲೈಟ್ ಮೈ ಫೈರ್ ಅಂತಾರೆ, ದಿ ಎಂಡ್ ಅಂತಾರೆ, ಮಳೆ ಬರೋ ರಾತ್ರಿಯಾದ್ರೆ ರೈಡರ್ಸ್ ಆನ್ ದ ಸ್ಟಾರ್ಮ್ ಅಂತಾರೆ. ಹಾರ್ಸ್ ಲ್ಯಾಟಿಟ್ಯೂಡ್ಸ್ ಅನ್ನೋ ಹೆಸರು ಹೇಳೋರು ಸಿಗೋದು ಅಪರೂಪ. 1967ರಲ್ಲಿ ಬಂದ ಸ್ಟ್ರೇಂಜ್ ಡೇಸ್ ಆಲ್ಬಮ್ಮಿನ ಮೊದಲ ಮಗ್ಗುಲಿನಲ್ಲಿ ಐದನೆಯದಾಗಿ ಬರುವ, ಸುಮಾರು ಒಂದೂವರೆ ನಿಮಿಷದ ತುಣುಕು ಅದು. ರಾಗ ಇಲ್ಲ, ತಾಳ ಇಲ್ಲ, ಪಲ್ಲವಿ ಅಂತೂ ಇಲ್ವೇ ಇಲ್ಲ. ಗಾಳಿಯಂಥ ಸದ್ದಿನ ಮೇಲೆ ಒಬ್ಬ ಮನುಷ್ಯ ಒಂದು ಕವಿತೆಯನ್ನ ಹೇಳ್ತಾ ಹೇಳ್ತಾ ಕೂಗೋಕೆ ಶುರು ಮಾಡ್ತಾನೆ. ಹಿಂದೆ ಗದ್ದಲ, ಚೀರಾಟ. ಅಷ್ಟೇ, ಮುಗೀತು.

ಈ ತುಣುಕನ್ನ ಹಾರಿಸಿ ಮುಂದಿನ ಹಾಡಿಗೆ ಹೋಗೋರೇ ಜಾಸ್ತಿ. ಹಾರಿಸದೆ ಕೇಳುವ ಅಭಿಮಾನಿಗಳಲ್ಲಿ ಮಾತ್ರ ಎರಡು ಪಕ್ಷ. ಇಂಗ್ಲಿಷ್ ಕಾವ್ಯ ಓದಿಕೊಂಡ ಹುಡುಗನೊಬ್ಬ ಭಾರವಾದ ಪದಗಳನ್ನ ಪೇರಿಸಿಟ್ಟಿದ್ದಾನೆ, ಸದ್ದು ತೆಗೆದರೆ ಅಲ್ಲಿ ಏನೂ ಉಳಿಯಲ್ಲ ಅನ್ನೋದು ಒಂದು ಪಕ್ಷ. ಜಿಮ್ ಮಾರಿಸನ್ ಬರೆದದ್ದರಲ್ಲಿ ನಿಜವಾದ ಕವಿತೆ ಅಂತ ಕರೀಬಹುದಾದ್ದು ಇದೊಂದೇ, ಮಿಕ್ಕಿದ್ದೆಲ್ಲ ಹಾಡುಗಾರಿಕೆ ಅನ್ನೋದು ಇನ್ನೊಂದು ಪಕ್ಷ. ಹೊರಗಿನವರಿಗೆ ಇದು ಹುಡುಗಾಟದ ಜಗಳ ಅನ್ನಿಸಬಹುದು. ಆದ್ರೆ ಆ ಮನುಷ್ಯ ತನ್ನ ಇಪ್ಪತ್ತೇಳು ವರ್ಷದ ಬದುಕಿನಲ್ಲಿ ಬಿಡಿಸಿಕೊಳ್ಳೋಕೆ ಒದ್ದಾಡಿದ್ದು ಇದೇ ಗಂಟನ್ನ. ಅವನಿಗೆ ಕವಿ ಆಗಬೇಕಿತ್ತು. ಜನಕ್ಕೆ ಪೋಸ್ಟರ್ ಬೇಕಿತ್ತು.

ಹಡಗಿನವರ ಮನೆಯ ಹುಡುಗ

ಜೇಮ್ಸ್ ಡಗ್ಲಾಸ್ ಮಾರಿಸನ್ ಹುಟ್ಟಿದ್ದು 1943ರ ಡಿಸೆಂಬರ್ 8ರಂದು, ಅಮೆರಿಕದ ಫ್ಲಾರಿಡಾ ರಾಜ್ಯದ ಮೆಲ್ಬರ್ನ್ ಎಂಬ ಊರಲ್ಲಿ. ತಂದೆ ಜಾರ್ಜ್ ಸ್ಟೀಫನ್ ಮಾರಿಸನ್ ನೌಕಾಪಡೆಯ ಅಧಿಕಾರಿ, ಮುಂದೆ ರಿಯರ್ ಅಡ್ಮಿರಲ್ ಆದವರು. 1964ರ ಆಗಸ್ಟಿನಲ್ಲಿ ವಿಯೆಟ್ನಾಂ ಯುದ್ಧಕ್ಕೆ ನೆಪವಾದ ಟಾಂಕಿನ್ ಕೊಲ್ಲಿಯ ಘಟನೆ ನಡೆದಾಗ ಅಲ್ಲಿನ ಅಮೆರಿಕದ ನೌಕೆಗಳ ನೇತೃತ್ವ ಅವರದ್ದೇ ಆಗಿತ್ತು. ತಾಯಿ ಕ್ಲಾರಾ. ಒಬ್ಬಳು ತಂಗಿ, ಒಬ್ಬ ತಮ್ಮ. ಅಪ್ಪನಿಗೆ ವರ್ಗ ಆದಾಗಲೆಲ್ಲ ಮನೆ ಬದಲು, ಶಾಲೆ ಬದಲು, ಗೆಳೆಯರು ಬದಲು. ಅಪ್ಪ ಸಮುದ್ರಕ್ಕೆ ಹೋದರೆ ತಿಂಗಳುಗಟ್ಟಲೆ ಬರ್ತಿರಲಿಲ್ಲ, ಬಂದಾಗ ಮನೆಯಲ್ಲೂ ಹಡಗಿನ ಶಿಸ್ತು.

ಊರೂರು ತಿರುಗೋ ಹುಡುಗನಿಗೆ ಜೊತೆಗೆ ಒಯ್ಯೋಕೆ ಸಾಧ್ಯವಿದ್ದದ್ದು ಪುಸ್ತಕ. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ ಹೈಸ್ಕೂಲಿಗೆ ಸೇರಿ 1961ರಲ್ಲಿ ಅಲ್ಲಿಂದ ಪಾಸಾದ. ಆ ವರ್ಷಗಳಲ್ಲಿ ಅವನು ಓದಿದ್ದು ನೀತ್ಸೆ, ರ‍್ಯಾಂಬೋ, ಬ್ಲೇಕ್, ಕೆರುವಾಕ್. ಜೊತೆಗೆ ನೋಟ್‌ಬುಕ್ ತುಂಬಾ ಬರವಣಿಗೆ: ಓದಿದ ಸಾಲು, ಕೇಳಿದ ಮಾತು, ನಡುನಡುವೆ ತನ್ನದೇ ಕವಿತೆ. ಹಾರ್ಸ್ ಲ್ಯಾಟಿಟ್ಯೂಡ್ಸ್ ಹುಟ್ಟಿದ್ದು ಆ ನೋಟ್‌ಬುಕ್ಕಿನಲ್ಲಿ, ಹೈಸ್ಕೂಲು ಮುಗಿಯೋ ಮೊದಲೇ. ಹಡಗಿನಿಂದ ಕುದುರೆಗಳನ್ನ ನೀರಿಗೆ ತಳ್ಳುತ್ತಿರುವ ಚಿತ್ರ ಇದ್ದ ಅಗ್ಗದ ಪುಸ್ತಕವೊಂದರ ಮುಖಪುಟ ನೋಡಿ ಬರೆದದ್ದು ಅಂತ ಅವನ ಜೀವನಚರಿತ್ರೆ ಬರೆದವರು ಹೇಳ್ತಾರೆ.

ಗಾಳಿ ಸತ್ತ ಸಮುದ್ರ

ಹೆಸರಿನ ಅರ್ಥ ಹೇಳದೆ ಮುಂದೆ ಹೋಗೋಕಾಗಲ್ಲ. ಸಮಭಾಜಕ ವೃತ್ತದ ಹತ್ತಿರ ಬಿಸಿಯಾದ ಗಾಳಿ ಮೇಲೇರಿ, ಧ್ರುವಗಳ ಕಡೆ ಸಾಗಿ, ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 30 ಡಿಗ್ರಿ ಅಕ್ಷಾಂಶದ ಹತ್ತಿರ ಮತ್ತೆ ಕೆಳಗಿಳಿಯುತ್ತೆ. ಅಲ್ಲಿ ಒತ್ತಡ ಹೆಚ್ಚು, ಗಾಳಿ ಕಡಿಮೆ, ಮಳೆಯೂ ಕಡಿಮೆ. ಉಗಿ ಇಲ್ಲದ ಕಾಲದಲ್ಲಿ ಹಾಯಿ ಹಡಗು ಅಲ್ಲಿ ಸಿಕ್ಕಿಕೊಂಡರೆ ದಿನಗಟ್ಟಲೆ ನಿಂತಲ್ಲೇ ನಿಲ್ಲಬೇಕು. ಅಮೆರಿಕಕ್ಕೆ ಕುದುರೆ ಸಾಗಿಸುತ್ತಿದ್ದ ಸ್ಪೇನಿನ ನಾವಿಕರು ಕುಡಿಯೋ ನೀರು ಸಾಲದೆ ಕುದುರೆಗಳನ್ನ ಸಮುದ್ರಕ್ಕೆ ತಳ್ಳುತ್ತಿದ್ದರು, ಅದಕ್ಕೇ ಆ ಭಾಗಕ್ಕೆ ಕುದುರೆ ಅಕ್ಷಾಂಶ ಅನ್ನೋ ಹೆಸರು ಬಂತು ಅಂತ ಒಂದು ಕಥೆ ಇದೆ. ಹೆಸರಿನ ಮೂಲಕ್ಕೆ ಬೇರೆ ವಿವರಣೆಗಳೂ ಇವೆ. ಹುಡುಗ ಹಿಡಿದುಕೊಂಡದ್ದು ಈ ಕಥೆಯನ್ನ.

ಕವಿತೆಯಲ್ಲಿ ಇರೋದು ಇಷ್ಟೇ. ಅಲುಗಾಡದ ಸಮುದ್ರ, ನಿಂತ ಹಡಗು, ಮೊದಲ ಕುದುರೆಯನ್ನ ತಳ್ಳೋ ಆ ಮುಜುಗರದ ಗಳಿಗೆ, ನೀರಲ್ಲೇ ಓಡೋಕೆ ನೋಡುವ ಕಾಲುಗಳು, ಮೇಲೆದ್ದ ತಲೆಗಳು, ಆಮೇಲೆ ಮುಚ್ಚಿಕೊಳ್ಳುವ ನೀರು. ತಳ್ಳಿದವರು ಯಾರು ಅಂತ ಹೇಳಲ್ಲ. ಅಯ್ಯೋ ಪಾಪ ಅಂತ ಅಳಲ್ಲ. ಮುಖ್ಯವಾಗಿ, ಇಡೀ ಕವಿತೆಯಲ್ಲಿ ನಾನು ಅನ್ನೋ ಪದ ಇಲ್ಲ.

ಸಮುದ್ರವನ್ನೇ ಕಸುಬು ಮಾಡಿಕೊಂಡ ಅಪ್ಪನ ಮಗ ಇದನ್ನ ಬರೆದ ಅನ್ನೋದನ್ನ ಮರೆತು ಓದೋದು ಕಷ್ಟ. ಹಡಗು ಉಳೀಬೇಕು ಅಂದ್ರೆ ಯಾವುದನ್ನ ಹೊರಗೆ ಎಸೀಬೇಕು ಅನ್ನೋದು ಅಪ್ಪನ ಲೋಕದ ಲೆಕ್ಕ. ಮಗನ ಕಣ್ಣು ನೆಟ್ಟದ್ದು ಎಸೆಯಲ್ಪಟ್ಟ ಪ್ರಾಣಿಯ ಮೇಲೆ.

ಎಸೆದ ನೋಟ್‌ಬುಕ್, ಉಳಿದ ಕವಿತೆ

ಫ್ಲಾರಿಡಾದಲ್ಲಿ ಎರಡು ಕಾಲೇಜು ಸುತ್ತಿ, 1964ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದು ಜಿಮ್ ಸಿನಿಮಾ ಓದಿದ. 1965ರಲ್ಲಿ ಡಿಗ್ರಿ ಮುಗೀತು. ಕಾಲೇಜು ಬಿಟ್ಟ ಹೊತ್ತಿಗೆ ಒಂದು ವಿಚಿತ್ರ ಕೆಲಸ ಮಾಡಿದ: ಹೈಸ್ಕೂಲಿಂದ ಇಟ್ಟುಕೊಂಡು ಬಂದಿದ್ದ ನೋಟ್‌ಬುಕ್‌ಗಳನ್ನೆಲ್ಲ ಎಸೆದುಬಿಟ್ಟ. ನಾಲ್ಕು ವರ್ಷದ ನಂತರ ಒಂದು ಸಂದರ್ಶನದಲ್ಲಿ ಇದನ್ನ ನೆನೆದು ಅವನು ಎರಡು ಥರ ಮಾತಾಡಿದ. ಆ ನೋಟ್‌ಬುಕ್‌ಗಳು ಈಗ ಸಿಕ್ಕರೆ ಅದಕ್ಕಿಂತ ದೊಡ್ಡದು ಬೇರೆ ಏನೂ ಬೇಡ ಅಂದ. ಅದರ ಜೊತೆಗೇ, ಅವುಗಳಲ್ಲಿ ಹೆಚ್ಚಿನದು ಬೇರೆಯವರ ಸಾಲುಗಳೇ ಆಗಿದ್ದರಿಂದ, ಎಸೆಯದೆ ಇದ್ದಿದ್ರೆ ತಾನು ಸ್ವಂತದ್ದು ಅಂತ ಏನನ್ನೂ ಬರೀತಾನೇ ಇರಲಿಲ್ಲವೇನೋ ಅಂತಲೂ ಅಂದ. ಹಾರ್ಸ್ ಲ್ಯಾಟಿಟ್ಯೂಡ್ಸ್ ಆ ಎಸೆತದಿಂದ ಪಾರಾಗಿ ಬಂದ ಕವಿತೆ.

ಅದೇ 1965ರ ಬೇಸಿಗೆಯಲ್ಲಿ ವೆನಿಸ್ ಬೀಚಿನ ಮರಳಿನ ಮೇಲೆ ಕಾಲೇಜಿನ ಗೆಳೆಯ ರೇ ಮಾಂಜರೆಕ್ ಸಿಕ್ಕಿದ. ಏನು ಮಾಡ್ತಿದ್ದೀಯ ಅಂತ ಅವನು ಕೇಳಿದ್ದಕ್ಕೆ ಹಾಡು ಬರೀತಿದ್ದೀನಿ ಅಂತ ಹೇಳಿ, ನಾಚಿಕೊಂಡು, ಮೂನ್‌ಲೈಟ್ ಡ್ರೈವ್ ಹಾಡಿ ತೋರಿಸಿದ. ತಂಡ ಕಟ್ಟೋ ತೀರ್ಮಾನ ಅಲ್ಲೇ ಆಯ್ತು. ಡ್ರಮ್ಸಿಗೆ ಜಾನ್ ಡೆನ್ಸ್‌ಮೋರ್, ಗಿಟಾರಿಗೆ ರಾಬಿ ಕ್ರೀಗರ್ ಬಂದರು. ತಂಡದ ಹೆಸರು ಆಲ್ಡಸ್ ಹಕ್ಸ್‌ಲಿಯ ಪುಸ್ತಕದಿಂದ ಬಂತು, ಹಕ್ಸ್‌ಲಿಗೆ ಅದು ಕವಿ ವಿಲಿಯಂ ಬ್ಲೇಕನಿಂದ ಬಂದಿತ್ತು. ಅಂದ್ರೆ ರಾಕ್ ತಂಡದ ಬಾಗಿಲಿನ ಮೇಲೇ ಕವಿಯ ನೆರಳು ಬಿದ್ದಿತ್ತು.

1967ರ ಜನವರಿಯಲ್ಲಿ ಎಲೆಕ್ಟ್ರಾ ಕಂಪನಿಯಿಂದ ಮೊದಲ ಆಲ್ಬಮ್ ಬಂತು. ಜುಲೈ ಹೊತ್ತಿಗೆ ಲೈಟ್ ಮೈ ಫೈರ್ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಇಲ್ಲಿ ಒಂದು ತಮಾಷೆ ಇದೆ. ಜಿಮ್‌ನ ಹೆಸರನ್ನ ಮನೆಮನೆಗೆ ಮುಟ್ಟಿಸಿದ ಆ ಹಾಡನ್ನ ಹೆಚ್ಚಿನಂಶ ಬರೆದವನು ಗಿಟಾರಿನ ರಾಬಿ ಕ್ರೀಗರ್. ಮೊದಲ ಮೂರು ಆಲ್ಬಮ್ಮುಗಳಲ್ಲಿ ಹಾಡುಗಳ ಕೆಳಗೆ ಇಡೀ ತಂಡದ ಹೆಸರು ಹಾಕ್ತಿದ್ದರಿಂದ ಯಾರು ಏನು ಬರೆದರು ಅನ್ನೋದು ಕೇಳೋರಿಗೆ ಗೊತ್ತಾಗ್ತಿರಲಿಲ್ಲ. ಹೀಗಾಗಿ ಕವಿ ಅನ್ನೋ ಬಿರುದು ಬಂದಾಗ ಅದರಲ್ಲಿ ಬೇರೆಯವರ ಪಾಲೂ ಸೇರಿಕೊಂಡಿತ್ತು. ಅಂಗಿಯಿಲ್ಲದ ಎದೆ, ಕೈ ಚಾಚಿದ ಭಂಗಿ, ಕಪ್ಪು ಬಿಳುಪಿನ ಫೋಟೋ: ಅದು ಹುಡುಗಿಯರ ರೂಮಿನ ಗೋಡೆ ಏರಿತು. ಕಂಪನಿ ಪರಿಚಯಪತ್ರಕ್ಕಾಗಿ ಮನೆಯವರ ಬಗ್ಗೆ ಕೇಳಿದಾಗ, ಬದುಕಿದ್ದ ಅಪ್ಪ ಅಮ್ಮನನ್ನ ಸತ್ತಿದ್ದಾರೆ ಅಂತ ಹೇಳಿ ಜಿಮ್ ಕೈ ತೊಳೆದುಕೊಂಡ.

ಸ್ಟುಡಿಯೋದಲ್ಲಿ ಗಾಳಿ ಮಾಡಿದ್ದು

ಎರಡನೇ ಆಲ್ಬಮ್ಮಿಗೆ ಎಂಟು ಟ್ರ್ಯಾಕಿನ ರೆಕಾರ್ಡರ್ ಸಿಕ್ಕಿತ್ತು, ಆ ಕಾಲಕ್ಕೆ ಅದು ಹೊಸ ಸೌಲಭ್ಯ. ನಿರ್ಮಾಪಕ ಪಾಲ್ ರಾಥ್‌ಚೈಲ್ಡ್, ಸೌಂಡ್ ಎಂಜಿನಿಯರ್ ಬ್ರೂಸ್ ಬಾಟ್ನಿಕ್. ಹೈಸ್ಕೂಲಿನ ಕವಿತೆಯನ್ನ ಜಿಮ್ ಹೊರಗೆ ತೆಗೆದಾಗ ಅದಕ್ಕೆ ಟ್ಯೂನ್ ಕಟ್ಟೋ ಗೋಜಿಗೆ ಯಾರೂ ಹೋಗಲಿಲ್ಲ. ಟೇಪ್ ರೆಕಾರ್ಡರಿನ ಬರೀ ಹಿಸ್ ಸದ್ದನ್ನ ತಗೊಂಡು, ಟೇಪನ್ನ ಕೈಯಿಂದಲೇ ಜೋರಾಗಿ ನಿಧಾನವಾಗಿ ತಿರುಗಿಸಿ ಗಾಳಿ ಬೀಸೋ ಸದ್ದು ಮಾಡಿದರು. ವಾದ್ಯಗಳನ್ನ ನುಡಿಸಬಾರದ ರೀತಿಯಲ್ಲಿ ನುಡಿಸಿದರು. ಅದರ ಮೇಲೆ ಬೇರೆ ಸದ್ದುಗಳ ಟೇಪು, ಸ್ಟುಡಿಯೋದಲ್ಲಿದ್ದವರ ಕೂಗಾಟ. ಇವೆಲ್ಲದರ ನಡುವೆ ಜಿಮ್ ಕವಿತೆ ಹೇಳಿದ. ಇವತ್ತು ಲ್ಯಾಪ್‌ಟಾಪಿನಲ್ಲಿ ಎರಡು ಕ್ಲಿಕ್ಕಿಗೆ ಸಿಗೋ ಶಬ್ದಕ್ಕೆ ಅವತ್ತು ಬೆರಳು ಸವೆಸಬೇಕಿತ್ತು.

ಈಗ ಜಗಳಕ್ಕೆ ಬರೋಣ. ವಿರೋಧಿಗಳ ಮಾತಲ್ಲಿ ಸತ್ಯ ಇದೆ. ಕವಿತೆಯ ಮೊದಲ ಭಾಗ ವಿಶೇಷಣಗಳಿಂದ ತುಂಬಿ ತುಳುಕುತ್ತೆ. ಸಮುದ್ರ ಸುಮ್ಮನೆ ನಿಂತಿದೆ ಅನ್ನೋದನ್ನ ಸುಮ್ಮನೆ ಹೇಳದೆ, ಅದಕ್ಕೆ ಪಿತೂರಿ, ಕವಚ ಅಂತೆಲ್ಲ ತೊಡಿಸ್ತಾನೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡ ಹದಿಹರೆಯದ ಬರವಣಿಗೆ ಅಂದ್ರೆ ತಪ್ಪಿಲ್ಲ. ಕೂಗಿ ಹೇಳೋದರಿಂದ ದುರ್ಬಲ ಜಾಗಗಳು ಮುಚ್ಚಿಹೋಗ್ತವೆ ಅನ್ನೋದೂ ಒಪ್ಪುವ ಮಾತೇ.

ಆದ್ರೆ ಕುದುರೆ ನೀರಿಗೆ ಬಿದ್ದ ಮೇಲೆ ಏನಾಗುತ್ತೆ ಗಮನಿಸಿ. ಉದ್ದ ಸಾಲುಗಳು ಮುರಿದು ಚಿಕ್ಕದಾಗ್ತವೆ. ಒಂದು ಹಂತದಲ್ಲಿ ಸಾಲಿಗೆ ಒಂದೇ ಪದ. ತಲೆ ಮೇಲೆತ್ತಿ ಉಸಿರು ತಗೊಳ್ಳೋ ಪ್ರಾಣಿ ಹೇಗೆ ತುಂಡು ತುಂಡಾಗಿ ಉಸಿರಾಡುತ್ತೋ ಪದಗಳೂ ಹಾಗೇ ಬರ್ತವೆ. ಮುಳುಗೋ ಮೊದಲು ಪ್ರಾಣಿ ತನ್ನ ಸಾವಿಗೆ ಒಪ್ಪಿಕೊಂಡಿತೇನೋ ಅನ್ನಿಸುವ ಒಂದೇ ಒಂದು ಪದ ಅಲ್ಲಿದೆ. ಅದರ ಮೇಲೆ ಅಭಿಮಾನಿಗಳು ಗಂಟೆಗಟ್ಟಲೆ ವಾದ ಮಾಡಬಹುದು: ಕುದುರೆ ನಿಜವಾಗ್ಲೂ ಒಪ್ಪಿತಾ, ತಳ್ಳಿದವರು ಹಾಗಂದುಕೊಂಡು ಸಮಾಧಾನ ಮಾಡಿಕೊಂಡ್ರಾ? ಈ ಪ್ರಶ್ನೆ ಏಳೋದು ಪದದಿಂದ, ಸದ್ದಿನಿಂದ ಅಲ್ಲ. ಸದ್ದು ತೆಗೆದು ಕಾಗದದ ಮೇಲೆ ಓದಿದಾಗಲೂ ಅದು ಏಳುತ್ತೆ. ನನ್ನ ಮಟ್ಟಿಗೆ ತಕ್ಕಡಿ ವಾಲೋದು ಇಲ್ಲಿ.

ಮುಖವಾಡದ ಭಾರ

1968ರಲ್ಲಿ ಅವನು ಇನ್ನೂ ದೊಡ್ಡದಕ್ಕೆ ಕೈ ಹಾಕಿದ. ಸೆಲೆಬ್ರೇಷನ್ ಆಫ್ ದ ಲಿಜರ್ಡ್ ಅನ್ನೋ ನೀಳ್ಗವಿತೆಯಿಂದ ಮೂರನೇ ಆಲ್ಬಮ್ಮಿನ ಒಂದು ಇಡೀ ಮಗ್ಗುಲು ತುಂಬಬೇಕು ಅಂತ ಆಸೆ. ಸ್ಟುಡಿಯೋದಲ್ಲಿ ಅದು ಕೂಡಿ ಬರಲಿಲ್ಲ. ಒಂದು ತುಂಡು ಮಾತ್ರ ಹಾಡಾಗಿ ಉಳೀತು, ಪೂರ್ತಿ ಪಠ್ಯವನ್ನ ಆಲ್ಬಮ್ಮಿನ ಹೊದಿಕೆಯಲ್ಲಿ ಅಚ್ಚು ಹಾಕಿದರು. ಕವಿತೆಯಲ್ಲಿ ಅವನು ತನ್ನನ್ನ ಹಲ್ಲಿಗಳ ರಾಜ ಅಂತ ಕರೆದುಕೊಂಡಿದ್ದ. ಜನ ಕವಿತೆ ಬಿಟ್ಟರು, ಬಿರುದು ಹಿಡಿದುಕೊಂಡರು. ಅದು ಅವನ ಬೆನ್ನಿಗೆ ಅಂಟಿದ್ದು ಸಾಯೋವರೆಗೂ ಬಿಡಲಿಲ್ಲ, ಸತ್ತ ಮೇಲೂ ಬಿಟ್ಟಿಲ್ಲ.

ಅದೇ ವರ್ಷ ಅವನು ಡ್ಯೂಕ್ ವಿಶ್ವವಿದ್ಯಾಲಯದ ಫ್ರೆಂಚ್ ಪ್ರಾಧ್ಯಾಪಕ ವ್ಯಾಲೆಸ್ ಫೌಲಿಯವರಿಗೆ ಒಂದು ಸಣ್ಣ ಕಾಗದ ಬರೆದ. ರ‍್ಯಾಂಬೋನ ಕವಿತೆಗಳನ್ನ ಇಂಗ್ಲಿಷಿಗೆ ತಂದದ್ದಕ್ಕೆ ಥ್ಯಾಂಕ್ಸ್, ತನಗೆ ಫ್ರೆಂಚ್ ಅಷ್ಟು ಸಲೀಸಾಗಿ ಬರಲ್ಲ, ತಾನು ರಾಕ್ ಗಾಯಕ, ಹೋದಲ್ಲೆಲ್ಲ ಈ ಪುಸ್ತಕ ಜೊತೆಗಿರುತ್ತೆ ಅಂತ ಅದರ ಸಾರಾಂಶ. ಮೇಷ್ಟ್ರಿಗೆ ಆಗ ಜಿಮ್ ಮಾರಿಸನ್ ಯಾರು ಅಂತಲೇ ಗೊತ್ತಿರಲಿಲ್ಲ. ಗೋಡೆಗಳ ಮೇಲೆ ತನ್ನ ಮುಖ ಇದ್ದ ಕಾಲದಲ್ಲಿ, ಆ ಮುಖವನ್ನ ನೋಡದೇ ಇರೋ ಒಬ್ಬ ಓದುಗನಿಗೆ ಬರೆದ ಕಾಗದ ಅದು.

ಕವಿ ಮೈಕಲ್ ಮೆಕ್ಲೂರ್ ಅವನ ಹಸ್ತಪ್ರತಿ ಓದಿ ಪ್ರಕಟಿಸೋಕೆ ಹುರಿದುಂಬಿಸಿದ. 1969ರಲ್ಲಿ ಜಿಮ್ ಸ್ವಂತ ದುಡ್ಡು ಹಾಕಿ ಎರಡು ಪುಟ್ಟ ಸಂಕಲನ ಅಚ್ಚು ಹಾಕಿಸಿದ, ತಲಾ 100 ಪ್ರತಿ. ಅವುಗಳ ಮೇಲೆ ಜಿಮ್ ಅಂತ ಇರಲಿಲ್ಲ, ಜೇಮ್ಸ್ ಡಗ್ಲಾಸ್ ಮಾರಿಸನ್ ಅಂತ ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರಿತ್ತು. ಲಕ್ಷಗಟ್ಟಲೆ ರೆಕಾರ್ಡ್ ಮಾರಾಟವಾಗ್ತಿದ್ದವನು ನೂರು ಪ್ರತಿಯ ಪುಸ್ತಕ ಹಂಚಿಕೊಂಡು ಓಡಾಡಿದ. 1970ರಲ್ಲಿ ಸೈಮನ್ ಅಂಡ್ ಶುಸ್ಟರ್ ಸಂಸ್ಥೆ ಎರಡನ್ನೂ ಸೇರಿಸಿ ಒಂದೇ ಪುಸ್ತಕವಾಗಿ ಹೊರತಂದಿತು.

ಆ ಹೊತ್ತಿಗೆ ವೇದಿಕೆ ಅವನಿಗೆ ಮುಳ್ಳಾಗಿತ್ತು. ಕುಡಿತ ಮಿತಿ ಮೀರಿತ್ತು. 1969ರ ಮಾರ್ಚ್ 1ರಂದು ಮಯಾಮಿಯ ಕಾರ್ಯಕ್ರಮಕ್ಕೆ ಕುಡಿದು ಬಂದವನು ಹಾಡೋದಕ್ಕಿಂತ ಹೆಚ್ಚಾಗಿ ಜನರನ್ನ ಬೈದ. ಅಶ್ಲೀಲ ವರ್ತನೆಯ ಕೇಸು ಬಿತ್ತು, ಊರೂರಲ್ಲಿ ಕಾರ್ಯಕ್ರಮ ರದ್ದಾದವು. 1970ರಲ್ಲಿ ಆರು ತಿಂಗಳ ಜೈಲು, 500 ಡಾಲರ್ ದಂಡ ಅಂತ ತೀರ್ಪು ಬಂತು. ಮೇಲ್ಮನವಿ ಹಾಕಿ ಹೊರಗಿದ್ದ. ಫ್ಲಾರಿಡಾ ರಾಜ್ಯ ಅವನಿಗೆ ಕ್ಷಮಾದಾನ ಕೊಟ್ಟದ್ದು 2010ರ ಡಿಸೆಂಬರಿನಲ್ಲಿ, ಅವನು ಸತ್ತು ಮೂವತ್ತೊಂಬತ್ತು ವರ್ಷ ಆದಮೇಲೆ.

ಪ್ಯಾರಿಸ್

1970ರ ಡಿಸೆಂಬರ್ 8, ಅವನ ಇಪ್ಪತ್ತೇಳನೇ ಹುಟ್ಟುಹಬ್ಬ. ಅವತ್ತು ಅವನು ಲಾಸ್ ಏಂಜಲೀಸಿನ ಒಂದು ಸ್ಟುಡಿಯೋಗೆ ಹೋಗಿ ತನ್ನ ಕವಿತೆಗಳನ್ನ ಓದಿ ರೆಕಾರ್ಡ್ ಮಾಡಿಸಿದ. ಡ್ರಮ್ಸ್ ಇಲ್ಲ, ಆರ್ಗನ್ ಇಲ್ಲ, ಕಿರುಚೋ ಜನ ಇಲ್ಲ. ಮೂರು ತಿಂಗಳ ನಂತರ, 1971ರ ಮಾರ್ಚಿನಲ್ಲಿ, ಸಂಗಾತಿ ಪಮೇಲಾ ಕೋರ್ಸನ್ ಜೊತೆಗಿರೋಕೆ ಪ್ಯಾರಿಸಿಗೆ ಹೊರಟ. ಬರೀಬೇಕು ಅನ್ನೋದೇ ಉದ್ದೇಶ. ಆದ್ರೆ ದೇಹ ಆಗಲೇ ಸೋತಿತ್ತು. ಜುಲೈ 3ರ ಬೆಳಗ್ಗೆ ಬಾಡಿಗೆ ಮನೆಯ ಸ್ನಾನದ ತೊಟ್ಟಿಯಲ್ಲಿ ಅವನ ಹೆಣ ಸಿಕ್ಕಿತು. ಹೃದಯ ನಿಂತು ಸಾವು ಅಂತ ದಾಖಲಾಯ್ತು, ಶವಪರೀಕ್ಷೆ ನಡೀಲಿಲ್ಲ. ಆ ಕಾರಣಕ್ಕೇ ಇವತ್ತಿಗೂ ಕಥೆಗಳು ಹುಟ್ತಾನೇ ಇವೆ. ಪೇರ್ ಲಾಶೇಸ್ ಸ್ಮಶಾನದಲ್ಲಿ ಅವನನ್ನ ಹೂಳಿದರು. ಆಸ್ಕರ್ ವೈಲ್ಡ್, ಪ್ರೂಸ್ತ್ ಮಲಗಿರೋ ಜಾಗ ಅದು. 1990ರ ದಶಕದ ಆರಂಭದಲ್ಲಿ ಅಪ್ಪ, ಆ ನಿವೃತ್ತ ಅಡ್ಮಿರಲ್, ಅಲ್ಲಿ ಒಂದು ಫಲಕ ಹಾಕಿಸಿದರು. ತನ್ನ ಅಂತರಂಗಕ್ಕೆ ತಕ್ಕಂತೆ ಬಾಳಿದವನು ಅನ್ನೋ ಅರ್ಥದ ಗ್ರೀಕ್ ಬರಹ, ಮೇಲೆ ಹೆಸರು: ಜೇಮ್ಸ್ ಡಗ್ಲಾಸ್ ಮಾರಿಸನ್. ಮಗ ತನ್ನ ಪುಸ್ತಕಕ್ಕೆ ಹಾಕಿಕೊಂಡ ಹೆಸರೇ ಅದು.

ಸತ್ತ ಮೇಲೆ ವಾದ ಜೋರಾಯ್ತು. 1978ರಲ್ಲಿ ಉಳಿದ ಮೂವರು ಆ ಹುಟ್ಟುಹಬ್ಬದ ರೆಕಾರ್ಡಿಂಗಿಗೆ ಸಂಗೀತ ಸೇರಿಸಿ ಆನ್ ಅಮೆರಿಕನ್ ಪ್ರೇಯರ್ ಆಲ್ಬಮ್ ಹೊರತಂದರು. ಕವಿತೆಗೆ ನ್ಯಾಯ ಸಿಕ್ಕಿತು ಅಂತ ಕೆಲವರು, ಬರೀ ದನಿಗಾಗಿ ಓದಿದ್ದಕ್ಕೆ ಮತ್ತೆ ರಾಕ್ ತೊಡಿಸಿದರು ಅಂತ ಕೆಲವರು. ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಅವನನ್ನ ಕವಿಗಿಂತ ವಿದೂಷಕನಾಗಿ ನೋಡಿದ, ಆ ನೋಟದಲ್ಲೂ ಒಂದು ಪ್ರೀತಿ ಇತ್ತು. ಅತ್ತ ಫೌಲಿ ಮೇಷ್ಟ್ರು ಹಳೇ ಕಾಗದವನ್ನ ನೆನಪು ಮಾಡಿಕೊಂಡು, ರ‍್ಯಾಂಬೋ ಮತ್ತು ಮಾರಿಸನ್ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ವಿದ್ಯಾರ್ಥಿಗಳ ಮುಂದೆ ಉಪನ್ಯಾಸ ಕೊಟ್ಟು, 1990ರ ದಶಕದಲ್ಲಿ ಒಂದು ಪುಸ್ತಕವನ್ನೇ ಬರೆದರು. 2021ರಲ್ಲಿ ಅವನ ಸಮಗ್ರ ಬರವಣಿಗೆ ದಪ್ಪ ಸಂಪುಟವಾಗಿ ಬಂತು.

ಆ ಬರವಣಿಗೆಯನ್ನ ಓದಿದಾಗ ಒಂದು ವಿಷಯ ಕಾಣುತ್ತೆ. ಪ್ರಸಿದ್ಧಿಯ ನಂತರದ ಕವಿತೆಗಳಲ್ಲಿ ತುಂಬಾ ಕಡೆ ಅವನು ಯಾರಿಗೋ ಮಾತಾಡ್ತಾ ಇರ್ತಾನೆ. ಕರೀತಾನೆ, ಆಜ್ಞೆ ಮಾಡ್ತಾನೆ, ಪ್ರವಾದಿ ಆಗ್ತಾನೆ. ಎದುರಿಗೆ ಜನ ಇದ್ದಾರೆ ಅನ್ನೋದು ಸಾಲುಗಳಿಗೆ ಗೊತ್ತಿದೆ. ಹಾರ್ಸ್ ಲ್ಯಾಟಿಟ್ಯೂಡ್ಸ್ ಬರೆದ ಹುಡುಗನ ಎದುರಿಗೆ ಯಾರೂ ಇರಲಿಲ್ಲ. ಅವನಿಗೆ ಬಿರುದಿರಲಿಲ್ಲ, ಫೋಟೋ ಇರಲಿಲ್ಲ, ಕೇಳೋ ಕಿವಿ ಇರಲಿಲ್ಲ. ಒಂದು ಚಿತ್ರ ಮತ್ತು ಅದನ್ನ ನೋಡ್ತಿರೋ ಕಣ್ಣು, ಇಷ್ಟೇ ಇತ್ತು. ವಿಶೇಷಣಗಳ ಭಾರ ಇದ್ರೂ ಆ ಕವಿತೆ ನಿಲ್ಲೋದು ಆ ಕಣ್ಣಿನಿಂದ. ಅಸೈನ್‌ಮೆಂಟ್ ಬುಕ್ಕಿನ ಹಿಂದಿನ ಪುಟದಲ್ಲಿ ಕವಿತೆ ಬರೆದು ಯಾರಿಗೂ ತೋರಿಸದೆ ಇರೋರು ನಮ್ಮ ಕ್ಯಾಂಪಸ್ಸಲ್ಲಿ ಕಡಿಮೆ ಇಲ್ಲ. ಸೆಮಿಸ್ಟರ್ ಮುಗಿದ ಮೇಲೆ ಆ ಪುಸ್ತಕವನ್ನ ರದ್ದಿಗೆ ಹಾಕೋ ಮೊದಲು ಒಂದು ಸಲ ಹಿಂದಿನಿಂದ ತಿರುವಿ ನೋಡಿ.

ವಾದದಲ್ಲಿ ನೀವು ಯಾವ ಪಕ್ಷ ಅಂತ ತೀರ್ಮಾನಿಸೋಕೆ ಹತ್ತು ನಿಮಿಷ ಸಾಕು. ಮೊದಲು ಸದ್ದಿಲ್ಲದೆ ಸಾಲುಗಳನ್ನ ಓದಿ. ಆಮೇಲೆ ಹೆಡ್‌ಫೋನ್ ಹಾಕಿ ಕೇಳಿ, ತುಣುಕು ಮುಗಿದ ತಕ್ಷಣ ನಿಲ್ಲಿಸಬೇಡಿ. ಆ ಗದ್ದಲ ನಿಂತ ಕೂಡಲೇ ಶುರುವಾಗೋದು ಮೂನ್‌ಲೈಟ್ ಡ್ರೈವ್, ವೆನಿಸ್ ಬೀಚಿನಲ್ಲಿ ನಾಚಿಕೊಂಡು ಹಾಡಿದ ಅದೇ ಹಾಡು. ಬೆಳದಿಂಗಳಲ್ಲಿ ಈಜೋಣ ಬಾ ಅಂತ ಒಬ್ಬ ತನ್ನ ಪ್ರೀತಿಯವಳನ್ನ ಸಮುದ್ರಕ್ಕೆ ಕರೀತಾನೆ. ಕುದುರೆಗಳು ಮುಳುಗಿ ಇನ್ನೂ ಒಂದು ನಿಮಿಷ ಆಗಿರಲ್ಲ.